ಉದ್ರಿ ಲೆಕ್ಕ ಮತ್ತು ಮಾರ್ಕೆಟಿಂಗ್ ಕ್ಲಾಸು

ದಾವಣಗೆರೆಯಲ್ಲಿ ಮೆಕ್ಕೆಜೋಳದ ಬೀಜ ಮಾರುವವನಿಗೆ ಮಾರ್ಕೆಟಿಂಗ್ ಸ್ಟ್ರಾಟಜಿ ಕೋರ್ಸ್ ಯಾಕೆ? ಈ ಪ್ರಶ್ನೆ ಕೇಳದವರೇ ಕಡಿಮೆ. ನನ್ನ ಮೇಲಿನ ಅಧಿಕಾರಿ ಕೇಳಿದರು, ಮಂಡಿಪೇಟೆಯ ಡೀಲರ್‌ಗಳು ಕೇಳಿದರು, ಮನೆಯಲ್ಲಂತೂ ಬಿಡಿ. ಈಗ ಕೋರ್ಸ್ ಮುಗಿದಿದೆ. ಹದಿನೈದಿಪ್ಪತ್ತು ವರ್ಷ ಸೇಲ್ಸ್‌ನಲ್ಲಿ ಸವೆದು, ಇಂಥದ್ದಕ್ಕೆ ದುಡ್ಡು ಹಾಕಲಾ ಬೇಡ್ವಾ ಅಂತ ಯೋಚಿಸುತ್ತಿರುವವರು ಇದ್ದಾರೆ. ಅವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಹೈಬ್ರಿಡ್ ಬೀಜದ ಕಂಪನಿಯೊಂದರಲ್ಲಿ ಪ್ರಾದೇಶಿಕ ಮ್ಯಾನೇಜರ್. ದಾವಣಗೆರೆ, ಚಿತ್ರದುರ್ಗ, ಹಾವೇರಿಯ ಒಂದಷ್ಟು ಭಾಗ ನನ್ನದು. ಮಾರ್ಚ್, ಏಪ್ರಿಲ್‌ನಲ್ಲಿ ಅಡ್ವಾನ್ಸ್ ಬುಕಿಂಗ್. ಮೇ ತಿಂಗಳಲ್ಲಿ ಅಂಗಡಿಗಳಿಗೆ ಮಾಲು. ಜೂನ್‌ನಲ್ಲಿ ಮಳೆ ಬಿದ್ದರೆ ಬಿತ್ತನೆ. ಆಗಸ್ಟ್‌ನಲ್ಲಿ ಉಳಿದ ಚೀಲ ವಾಪಸ್. ಆಮೇಲೆ ಸ್ಕೀಮ್ ಲೆಕ್ಕದ, ಅಂದರೆ ಡೀಲರ್‌ಗಳಿಗೆ ಕೊಡುವ ರಿಯಾಯಿತಿಯ ಲೆಕ್ಕದ ಜಗಳ. ವರ್ಷ ಕಳೆಯೋದು ಹೀಗೆ. ಇದರಲ್ಲಿ ಟಾರ್ಗೆಟ್ ಮುಟ್ಟುವುದು ನನಗೆ ಅಭ್ಯಾಸವಾಗಿತ್ತು. ಆದರೆ ಮುಂದಿನ ಹುದ್ದೆಯ ಮಾತು ಬಂದಾಗ ಕೇಳುವ ಪ್ರಶ್ನೆಗಳೇ ಬೇರೆ. ಈ ತಳಿ ಯಾವ ರೈತರಿಗಾಗಿ ಇದೆ? ಅವರು ಇದನ್ನೇ ಯಾಕೆ ಕೊಳ್ಳಬೇಕು? ಮೂರು ವರ್ಷದಲ್ಲಿ ಯಾವ ಊರಲ್ಲಿ ಎಷ್ಟು ಗಟ್ಟಿಯಾಗಿರಬೇಕು? ಇಷ್ಟು ಟನ್ ಮಾರಿದೆ ಅನ್ನೋದು ಇವಕ್ಕೆ ಉತ್ತರ ಆಗುವುದಿಲ್ಲ.

ಅನುಭವ ಇರುವ ಮ್ಯಾನೇಜರ್‌ಗಳಿಗೆ ಅಂತ ಸಿಗುವ ಕೋರ್ಸ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂರರಿಂದ ಐದು ದಿನ ಕ್ಯಾಂಪಸ್‌ನಲ್ಲೇ ಉಳಿದು ಮುಗಿಸಿ ಬರುವಂಥದ್ದು ಒಂದು. ಆರು ತಿಂಗಳಿಂದ ಒಂದು ವರ್ಷ, ವಾರದ ಕೊನೆಗೆ ಆನ್‌ಲೈನ್ ಕ್ಲಾಸು, ನಡುವೆ ಕೆಲವು ದಿನ ಕ್ಯಾಂಪಸ್ – ಇದು ಇನ್ನೊಂದು. ಮೂರನೆಯದು ಎರಡು ವರ್ಷದ ಎಕ್ಸಿಕ್ಯೂಟಿವ್ ಎಂಬಿಎ, ದುಡ್ಡೂ ಜಾಸ್ತಿ, ರಜೆಯೂ ಜಾಸ್ತಿ ಬೇಕು. ನಾನು ಎರಡನೆಯದಕ್ಕೆ ಸೇರಿದೆ. ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯದು. ಇದರಲ್ಲಿ ಪದವಿ ಸಿಗಲ್ಲ, ಸರ್ಟಿಫಿಕೇಟ್ ಮಾತ್ರ. ಶುಲ್ಕ ಎರಡು ಲಕ್ಷದ ಮೇಲೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಜಾಹೀರಾತಿನಲ್ಲಿ ಜಿಎಸ್‌ಟಿ ಸಣ್ಣ ಅಕ್ಷರದಲ್ಲಿರುತ್ತದೆ, ನೋಡಿಕೊಳ್ಳಿ. ಅರ್ಧ ಕಂಪನಿ ಕೊಟ್ಟಿತು, ಎರಡು ವರ್ಷ ಬಿಟ್ಟು ಹೋಗಬಾರದು ಅನ್ನುವ ಬಾಂಡ್ ಬರೆಸಿಕೊಂಡು. ಸೇರುವಾಗ ಪದವಿಯ ದಾಖಲೆ, ಅನುಭವದ ಪತ್ರ, ಯಾಕೆ ಸೇರುತ್ತೀರಿ ಅಂತ ಒಂದು ಪುಟದ ಬರಹ ಕೇಳಿದರು. ಅದರಲ್ಲಿ ಹೇಳಿಕೊಳ್ಳುವಂಥ ಕಷ್ಟ ಏನೂ ಇರಲಿಲ್ಲ.

ಕಷ್ಟ ಇದ್ದದ್ದು ಯಾವ ಬ್ಯಾಚ್ ಅನ್ನುವುದರಲ್ಲಿ. ಏಪ್ರಿಲ್‌ನಲ್ಲೂ ಒಂದು ಬ್ಯಾಚ್ ಶುರುವಾಗುತ್ತಿತ್ತು. ಬೀಜದ ವ್ಯಾಪಾರದವನು ಏಪ್ರಿಲ್ ಬ್ಯಾಚ್ ಸೇರಿದರೆ ಜೂನ್ ಹೊತ್ತಿಗೆ ಒಂದೋ ಕ್ಲಾಸು ಬಿಡಬೇಕು, ಇಲ್ಲ ಕೆಲಸ. ಹಾಗಾಗಿ ಆಗಸ್ಟ್ ಕೊನೆಯ ಬ್ಯಾಚ್‌ವರೆಗೆ ಕಾದೆ. ನಿಮ್ಮದು ರಸಗೊಬ್ಬರ ಆಗಿರಲಿ, ಪೈಪ್ ಆಗಿರಲಿ, ಬಟ್ಟೆ ಆಗಿರಲಿ, ಸೀಸನ್ ನೋಡಿಕೊಂಡು ಬ್ಯಾಚ್ ಆರಿಸಿ. ಸಂಸ್ಥೆಯವರು ಇದನ್ನು ಹೇಳುವುದಿಲ್ಲ, ಅವರಿಗೆ ಸೀಟು ತುಂಬಿದರೆ ಆಯಿತು.

ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಕ್ಲಾಸು. ವಿದ್ಯಾನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್, ಕರೆಂಟ್ ಹೋದರೆ ಮೊಬೈಲ್. ಪಾಠ ಕೇಳುತ್ತಾ ಕೂರಬಹುದು ಅಂದುಕೊಂಡು ಬಂದವರೆಲ್ಲ ಮೊದಲ ವಾರವೇ ಎದ್ದು ಕೂತರು. ಯಾಕೆಂದರೆ ಇಲ್ಲಿ ಪಾಠ ಕಡಿಮೆ, ಕೇಸ್ ಜಾಸ್ತಿ. ಯಾವುದೋ ಕಂಪನಿ ಒಂದು ಹೊತ್ತಿನಲ್ಲಿ ಏನು ತೀರ್ಮಾನ ತೆಗೆದುಕೊಳ್ಳಬೇಕಿತ್ತು ಅಂತ ಹದಿನೈದಿಪ್ಪತ್ತು ಪುಟದಲ್ಲಿ ಬರೆದಿರುತ್ತಾರೆ. ತೀರ್ಮಾನ ಮಾತ್ರ ಬರೆದಿರುವುದಿಲ್ಲ. ಮೊದಲೇ ಓದಿಕೊಂಡು ಬಂದು, ನೀವೇ ಆ ಮ್ಯಾನೇಜರ್ ಅಂದುಕೊಂಡು ವಾದ ಮಾಡಬೇಕು. ಹಾರ್ವರ್ಡ್‌ನಲ್ಲಿ 1920ರ ದಶಕದಲ್ಲಿ ಬೇರೂರಿದ ಪದ್ಧತಿ ಇದು. ಪ್ರಾಧ್ಯಾಪಕರು ಯಾರ ಹೆಸರನ್ನು ಬೇಕಾದರೂ ಕೂಗಬಹುದು. ಓದಿರದಿದ್ದರೆ ಎರಡೇ ವಾಕ್ಯದಲ್ಲಿ ಗೊತ್ತಾಗಿಬಿಡುತ್ತದೆ.

ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಓದಲು ತೊಂದರೆ ಇಲ್ಲ, ಆದರೆ ಬೆಂಗಳೂರು, ಪುಣೆಯವರು ಪಟಪಟ ಮಾತಾಡುವಾಗ ನಡುವೆ ಬಾಯಿ ಹಾಕುವುದು ಸುಲಭ ಅಲ್ಲ. ನಾನು ಕಂಡುಕೊಂಡ ದಾರಿ ಒಂದೇ. ಕೇಸಿನ ಕೊನೆಯಲ್ಲಿರುವ ಕೋಷ್ಟಕಗಳನ್ನು ಲೆಕ್ಕ ಹಾಕಿಟ್ಟುಕೊಳ್ಳುತ್ತಿದ್ದೆ. ಅಂಕಿ ಹೇಳಿ ಸುಮ್ಮನಾದರೆ ಸಾಕು, ಉಳಿದವರು ಅದರ ಸುತ್ತ ಮಾತಾಡುತ್ತಿದ್ದರು. ಡೀಲರ್ ಜೊತೆ ಚೌಕಾಸಿ ಮಾಡಿ ಬಂದವರಿಗೆ ಇದು ಹೊಸದೇನಲ್ಲ.

ಲೆಕ್ಕದ ವಿಷಯ ಬಂತಲ್ಲ, ಇಡೀ ಕೋರ್ಸಿನಲ್ಲಿ ನನ್ನ ತಲೆಯಲ್ಲಿ ಕೂತಿದ್ದು ಒಂದು ಸಣ್ಣ ಲೆಕ್ಕ. ಒಂದು ಚೀಲದ ಬೆಲೆ 100 ರೂಪಾಯಿ, ಅದರ ನೇರ ಖರ್ಚು 80, ಕೈಗೆ ಉಳಿಯುವುದು 20 ಅಂತ ಇಟ್ಟುಕೊಳ್ಳಿ. ಬೆಲೆ ಶೇ. 5 ಇಳಿಸಿದರೆ, ಮೊದಲಿನಷ್ಟೇ ಲಾಭ ಬರಲು ಎಷ್ಟು ಜಾಸ್ತಿ ಮಾರಬೇಕು? ಇಡೀ ಕ್ಲಾಸು ಸೇಲ್ಸ್‌ನವರದೇ. ಐದು ಅಂದರು, ಹತ್ತು ಅಂದರು, ಒಬ್ಬರು ಧೈರ್ಯ ಮಾಡಿ ಹದಿನೈದು ಅಂದರು. ಉತ್ತರ ಶೇ. 33. ಚೀಲಕ್ಕೆ 20 ಉಳಿಯುತ್ತಿದ್ದದ್ದು 15 ಆಯಿತು. ನೂರು ಚೀಲಕ್ಕೆ ಬರುತ್ತಿದ್ದ 2,000 ಈಗ ಬರಬೇಕೆಂದರೆ 134 ಚೀಲ ಹೋಗಬೇಕು. ಅದೇ ಬೆಲೆಯನ್ನು ಶೇ. 5 ಏರಿಸಿದರೆ? ಚೀಲಕ್ಕೆ 25 ಉಳಿಯುತ್ತದೆ, 80 ಚೀಲ ಮಾರಿದರೂ ಅದೇ 2,000. ಅಂದರೆ ಐದರಲ್ಲಿ ಒಬ್ಬ ಗಿರಾಕಿ ಬಿಟ್ಟು ಹೋದರೂ ನಷ್ಟ ಇಲ್ಲ. ಜುಲೈ ಬಂತು ಅಂದರೆ ಉಳಿದ ಮಾಲು ತಳ್ಳಲು ಸ್ಕೀಮ್ ಮೇಲೆ ಸ್ಕೀಮ್ ಬಿಡುವ ನಮ್ಮ ಇಡೀ ವ್ಯಾಪಾರವನ್ನು ಈ ಲೆಕ್ಕದಲ್ಲಿ ಹಾಕಿ ನೋಡಿ. ಜುಲೈನಲ್ಲಿ ಬಿತ್ತನೆ ಮುಗಿಯುತ್ತಾ ಬಂದಿರುತ್ತದೆ. ಮೂರನೇ ಒಂದು ಪಾಲು ಜಾಸ್ತಿ ಕೊಳ್ಳಲು ಹೊಲ ಎಲ್ಲಿದೆ?

ನಿರ್ಮಾ ಮತ್ತು ಸರ್ಫ್ ಕೇಸ್ ಕೂಡ ಈ ಲೆಕ್ಕ ಬಂದ ತಿಂಗಳಲ್ಲೇ ಬಂತು. ಕರ್ಸನ್‌ಭಾಯ್ ಪಟೇಲ್ 1969ರಲ್ಲಿ ಅಹಮದಾಬಾದಿನಲ್ಲಿ ಶುರು ಮಾಡಿ, ಸೈಕಲ್ ಮೇಲೆ ಮಾರಿದ ಪುಡಿ, ದೊಡ್ಡ ಕಂಪನಿಯ ನಿದ್ದೆ ಕೆಡಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಸರ್ಫ್ ಮಾಡುತ್ತಿದ್ದ ಹಿಂದೂಸ್ತಾನ್ ಲಿವರ್ 1980ರ ದಶಕದಲ್ಲಿ ವೀಲ್ ಅನ್ನುವ ಅಗ್ಗದ ಪುಡಿ ತಂದಿತು. ಅಗ್ಗದ ಬ್ರ್ಯಾಂಡಿಗೆ ಅಗ್ಗದ ಬ್ರ್ಯಾಂಡ್ ಎದುರು, ಅಷ್ಟೇ ಅಲ್ವಾ ಅಂತ ಎಲ್ಲರೂ ಹೇಳಿದರು. ಪ್ರಾಧ್ಯಾಪಕರು ಒಂದೇ ಪ್ರಶ್ನೆ ಕೇಳಿದರು: ಸರ್ಫ್ ಮಾಡುವ ಕಾರ್ಖಾನೆ, ಸರ್ಫ್ ಸಾಗಿಸುವ ಖರ್ಚು, ಸರ್ಫ್ ಮಾರುವ ಜನ, ಇವನ್ನೆಲ್ಲ ಹಾಗೇ ಇಟ್ಟುಕೊಂಡು ವೀಲ್ ಬೆಲೆಗೆ ಮಾರಿದರೆ ಉಳಿಯುವುದೇನು? ಬೆಲೆ ಇಳಿಸಬೇಕೆಂದರೆ ಮೊದಲು ತಯಾರಿಕೆಯಿಂದ ಹಂಚಿಕೆವರೆಗೆ ಎಲ್ಲವನ್ನೂ ಬೇರೆ ಮಾಡಬೇಕು. ನಾವು ಮಾಡುವುದು ಉಲ್ಟಾ. ಪಟ್ಟಿಯಲ್ಲಿ ಬೆಲೆ ಇಳಿಸಿ, ಆಮೇಲೆ ಜೀಪಿನ ಡೀಸೆಲ್ ಉಳಿಸಲು ನೋಡುತ್ತೇವೆ.

ಥಿಯೊಡರ್ ಲೆವಿಟ್ 1960ರಲ್ಲಿ ಬರೆದ ಪ್ರಸಿದ್ಧ ಲೇಖನವೂ ಇತ್ತು. ಅಮೆರಿಕದ ರೈಲು ಕಂಪನಿಗಳು ತಮ್ಮದು ರೈಲಿನ ವ್ಯಾಪಾರ ಅಂದುಕೊಂಡವು, ಸಾಗಣೆಯ ವ್ಯಾಪಾರ ಅಂದುಕೊಳ್ಳಲಿಲ್ಲ, ಅದಕ್ಕೇ ಹಿಂದೆ ಬಿದ್ದವು ಅನ್ನುವ ವಾದ. ನಿಮ್ಮ ಊರಿನ ಉದಾಹರಣೆ ಕೊಡಿ ಅಂದಾಗ ನಾನು ದಾವಣಗೆರೆಯ ಹತ್ತಿ ಮಿಲ್ಲುಗಳ ಬಗ್ಗೆ ಹೇಳಿದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು, ಈಗ ಹೊರಗಿನವರಿಗೆ ಬೆಣ್ಣೆ ದೋಸೆಯಿಂದ ಮಾತ್ರ ಗೊತ್ತು. ಕ್ಲಾಸಿನಲ್ಲಿ ಕೂಡಲೇ 'ದೂರದೃಷ್ಟಿ ಇರಲಿಲ್ಲ' ಅನ್ನುವ ತೀರ್ಪು ಬಂತು. ನನಗೆ ಅದು ಒಪ್ಪಿಗೆ ಆಗಲಿಲ್ಲ, ಈಗಲೂ ಇಲ್ಲ. ಹಳೇ ಯಂತ್ರ, ಪವರ್‌ಲೂಮ್ ಜೊತೆ ಪೈಪೋಟಿ, ಕಾರ್ಮಿಕರ ಸಮಸ್ಯೆ, ಸಾಲ – ದೇಶದ ಎಷ್ಟೋ ಊರುಗಳಲ್ಲಿ ಮಿಲ್ಲು ಮುಚ್ಚಿದ್ದು ಹೀಗೆಲ್ಲ ಸೇರಿ. ಒಂದೇ ಚೌಕಟ್ಟಿನಲ್ಲಿ ಕೂರಿಸಲು ಹೋದರೆ ಊರಿನ ಅರ್ಧ ಕಥೆ ಹೊರಗುಳಿಯುತ್ತದೆ. ಇಂಥ ಕೋರ್ಸ್‌ಗಳ ದೋಷ ಇದೇ. ಚೌಕಟ್ಟು ಕೈಗೆ ಬಂದ ಹೊಸತರಲ್ಲಿ ಎಲ್ಲವೂ ಅದಕ್ಕೇ ಸರಿಹೊಂದಿದ ಹಾಗೆ ಕಾಣುತ್ತದೆ.

ಬೆಣ್ಣೆ ದೋಸೆಯ ಮಾತು ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಬೀದಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇದೆಯಲ್ಲ, ಆ ಬ್ರ್ಯಾಂಡಿನ ಯಜಮಾನರು ಯಾರು ಅಂತ ಪ್ರಾಧ್ಯಾಪಕರು ಕೇಳಿದರು. ಯಾರೂ ಅಲ್ಲ. ಹೆಸರು ಎಲ್ಲರದು, ಹಾಗಾಗಿ ರುಚಿ ಕೆಟ್ಟರೆ ಕೇಳುವವರಿಲ್ಲ. ಆವತ್ತಿನ ಕ್ಲಾಸಿನಲ್ಲಿ ನನಗೆ ಇಷ್ಟವಾದದ್ದು ಇದೊಂದೇ. ಡಿಜಿಟಲ್ ಮಾರ್ಕೆಟಿಂಗ್ ಭಾಗವನ್ನು ಎರಡು ವಾರದಲ್ಲಿ ಓಡಿಸಿದರು. ತೋರಿಸಿದ ಪರದೆಗಳು ಹಳೆಯವು. ಅದಕ್ಕಾಗಿಯೇ ಸೇರುವವರು ಬೇರೆ ಕೋರ್ಸ್ ನೋಡಿಕೊಳ್ಳುವುದು ಒಳ್ಳೆಯದು.

ಕ್ಯಾಂಪಸ್‌ನಲ್ಲಿ ಕಳೆದ ದಿನಗಳ ಬಹುಪಾಲು ಸಿಮ್ಯುಲೇಶನ್‌ಗೆ ಹೋಯಿತು. ಮಾರ್ಕ್‌ಸ್ಟ್ರಾಟ್ ಅಂತ, 1970ರ ದಶಕದಿಂದ ಬಿಸಿನೆಸ್ ಸ್ಕೂಲುಗಳಲ್ಲಿ ಆಡಿಸುತ್ತಿರುವ ಆಟ. ತಂಡಗಳು ಕಂಪನಿಗಳಾಗುತ್ತವೆ. ಒಂದೊಂದು ಸುತ್ತಿಗೂ ಬೆಲೆ, ಜಾಹೀರಾತು, ಸಂಶೋಧನೆಗೆ ಹಣ ಹಂಚಬೇಕು, ಕಂಪ್ಯೂಟರ್ ಫಲಿತಾಂಶ ಹೇಳುತ್ತದೆ. ನಮ್ಮ ತಂಡದಲ್ಲಿ ಪೇಂಟ್ ಕಂಪನಿಯವರು ಒಬ್ಬರು, ಆಸ್ಪತ್ರೆಯ ಮಾರ್ಕೆಟಿಂಗ್‌ನವರು ಒಬ್ಬರು, ಬ್ಯಾಂಕಿನ ಮೇಡಂ ಒಬ್ಬರು, ನಾನು. ಆಟಕ್ಕಿಂತ ರಾತ್ರಿ ಕ್ಯಾಂಟೀನಿನ ಮಾತು ಚೆನ್ನಾಗಿತ್ತು. ಪೇಂಟ್‌ನವರು ಹಾರ್ಡ್‌ವೇರ್ ಅಂಗಡಿಗಳಿಗೆ ಕೊಡುವ ಸಾಲದ ಗೋಳು ಹೇಳಿಕೊಂಡಾಗ, ಅವರೂ ನಮ್ಮವರೇ ಅನ್ನಿಸಿತು.

ಅಲ್ಲಿಂದಲೇ ನನ್ನ ಪ್ರಾಜೆಕ್ಟ್ ಹುಟ್ಟಿತು. ಮಾರ್ಕೆಟಿಂಗ್‌ನ ನಾಲ್ಕು ಅಂಗ – ಸರಕು, ಬೆಲೆ, ಜಾಗ, ಪ್ರಚಾರ – ಅನ್ನುವುದನ್ನು 1960ರಲ್ಲಿ ಜೆರೋಮ್ ಮೆಕಾರ್ಥಿ ಕೊಟ್ಟಿದ್ದು. ಇದನ್ನು ಮೊದಲ ದಿನದಿಂದ ಕೇಳುತ್ತಿದ್ದೆ. ಇದರಲ್ಲಿ ಉದ್ರಿ ಎಲ್ಲಿ ಬರುತ್ತದೆ? ಬೆಲೆಯ ಕೆಳಗೆ ಒಂದು ಸಾಲಿನಲ್ಲಿ, ಪಾವತಿಯ ಅವಧಿ ಅಂತ. ನಮ್ಮ ಕಡೆ ಅದು ಒಂದು ಸಾಲಿನ ವಿಷಯ ಅಲ್ಲ. ರೈತರು ಗೊಬ್ಬರದ ಅಂಗಡಿಯಲ್ಲಿ ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಒಂದೇ ಖಾತೆಯಲ್ಲಿ ಬರೆಸುತ್ತಾರೆ. ಸುಗ್ಗಿಗೆ ಮೆಕ್ಕೆಜೋಳ ಎಪಿಎಂಸಿಗೆ ಬಂದಾಗ ಲೆಕ್ಕ ತೀರುತ್ತದೆ. ಎಷ್ಟೋ ಕಡೆ ಉದ್ರಿ ಕೊಟ್ಟವರ ಮನೆಯವರೇ ಕಾಳು ಕೊಳ್ಳುವವರೂ ಆಗಿರುತ್ತಾರೆ.

ಲೆಕ್ಕಕ್ಕೆ 4 ಕಿಲೋ ಚೀಲದ ಬೆಲೆ 1,400 ಅಂತ ಇಟ್ಟುಕೊಳ್ಳಿ. ಜೂನ್‌ನಲ್ಲಿ ಒಯ್ದು ಡಿಸೆಂಬರ್‌ನಲ್ಲಿ ಕೊಟ್ಟರೆ ಆರು ತಿಂಗಳು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 168 ರೂಪಾಯಿ. ರೈತರಿಗೆ ಬೀಳುವ ನಿಜವಾದ ಬೆಲೆ 1,568. ನಾವು ಚೀಲಕ್ಕೆ 50 ರೂಪಾಯಿ ಕಡಿಮೆ ಮಾಡಿ, ಬ್ಯಾನರ್ ಕಟ್ಟಿ, ಯಾಕೆ ಮಾಲು ಹೋಗಲಿಲ್ಲ ಅಂತ ಮೀಟಿಂಗ್ ಮಾಡುತ್ತೇವೆ. ಮಂಡಿಪೇಟೆಯ ಹಿರಿಯ ಸಾಹುಕಾರರೊಬ್ಬರಿಗೆ ಈ ಲೆಕ್ಕ ತೋರಿಸಿದೆ. "ಇದಕ್ಕೆ ಕೋರ್ಸ್ ಬೇಕಿತ್ತಾ ಸರ್? ನೀವು ಕೊಡೋ ಐವತ್ತು ರೂಪಾಯಿ ನನ್ನ ಬಡ್ಡಿ ಲೆಕ್ಕದಾಗ ಕಾಣೋದೇ ಇಲ್ಲ, ನನ್ನ ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ" ಅಂದು ನಕ್ಕರು.

ಹೌದು, ಅವರಿಗೆ ಗೊತ್ತಿತ್ತು. ಆದರೆ ಅವರಿಗೆ ಗೊತ್ತಿರುವುದನ್ನು ಹೆಡ್ ಆಫೀಸ್ ಒಪ್ಪುವ ರೂಪಕ್ಕೆ ತರಬೇಕಲ್ಲ. ಅದಕ್ಕೆ ಕಾನ್‌ಜಾಯಿಂಟ್ ಅನ್ನುವ ವಿಧಾನ ಬಳಸಿದೆ. ಇದರ ಗಣಿತ 1964ರಲ್ಲಿ ಲ್ಯೂಸ್ ಮತ್ತು ಟುಕಿ ಅವರದು. ಅದನ್ನು ಮಾರ್ಕೆಟಿಂಗ್‌ಗೆ ತಂದದ್ದು 1971ರಲ್ಲಿ ಪಾಲ್ ಗ್ರೀನ್ ಮತ್ತು ವಿಠ್ಠಲ ರಾವ್. ನಿಮಗೆ ಯಾವುದು ಮುಖ್ಯ ಅಂತ ನೇರವಾಗಿ ಕೇಳಿದರೆ ಎಲ್ಲ ರೈತರೂ ಇಳುವರಿ ಅಂತಲೇ ಹೇಳುತ್ತಾರೆ. ಅದರ ಬದಲು ಒಂದೊಂದು ಚೀಟಿಯಲ್ಲಿ ಒಂದೊಂದು ಪೂರ್ತಿ ಬೀಜ ಬರೆಯಬೇಕು. ಇಷ್ಟು ಇಳುವರಿ, ಇಷ್ಟು ದಿನದ ಬೆಳೆ, ಕಾಳಿನ ಬಣ್ಣ ಇಂಥದ್ದು, ದಂಟು ಹಸಿರಾಗಿ ಉಳಿಯುತ್ತದೋ ಇಲ್ಲವೋ, ಬೆಲೆ ಇಷ್ಟು, ನಗದೋ ಸುಗ್ಗಿಗೋ. ಚೀಟಿಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸಿ ಅನ್ನಬೇಕು. ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಟ್ಟರು ಅನ್ನುವುದರಿಂದ ಪ್ರತಿಯೊಂದರ ತೂಕ ಲೆಕ್ಕಕ್ಕೆ ಸಿಗುತ್ತದೆ. ಮಾರ್ಗದರ್ಶಕರು ಮೊದಲು ಒಪ್ಪಲಿಲ್ಲ, ಪಾವತಿ ಅನ್ನುವುದು ಬೀಜದ ಗುಣ ಅಲ್ಲ ಅಂದರು. ಕೊಳ್ಳುವವರು ಅದನ್ನೂ ಸೇರಿಸಿಯೇ ಕೊಳ್ಳುತ್ತಾರೆ ಅಂತ ವಾದ ಮಾಡಿದ ಮೇಲೆ ಸರಿ ಅಂದರು.

ಜಗಳೂರು ಮತ್ತು ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ, ಕ್ಷೇತ್ರೋತ್ಸವ ಮುಗಿದು ಉಪ್ಪಿಟ್ಟು ತಿನ್ನುವ ಹೊತ್ತಿಗೆ ಈ ಚೀಟಿ ಆಟ ನಡೆಯಿತು. ಜಗಳೂರಿನ ಮಳೆಯಾಶ್ರಿತ ಹೊಲದವರು ಜಾಸ್ತಿ ಇಳುವರಿಯ ನಗದು ಚೀಟಿಯನ್ನು ಕೆಳಗೆ ತಳ್ಳಿ, ಮಧ್ಯಮ ಇಳುವರಿಯ ಸುಗ್ಗಿ ಚೀಟಿಯನ್ನು ಮೇಲಿಟ್ಟರು. ಬೇಗ ಕೊಯ್ಲಿಗೆ ಬರುವ ಬೆಳೆಗೂ ಅಲ್ಲಿ ತೂಕ ಜಾಸ್ತಿ, ಹಿಂಗಾರಿಗೆ ಕಡಲೆ ಹಾಕಬಹುದಲ್ಲ. ಎಮ್ಮೆ, ಹಸು ಇರುವವರು ಹಸಿರು ದಂಟಿನ ಚೀಟಿ ಬಿಡಲಿಲ್ಲ. ಬೋರ್‌ವೆಲ್ ಇರುವವರು, ಅಡಿಕೆಯ ಆದಾಯ ಇರುವವರು ನೇರ ಇಳುವರಿಗೇ ಹೋದರು, ಉದ್ರಿ ಅವರಿಗೆ ಬೇಕಿರಲಿಲ್ಲ. ಒಬ್ಬ ಅಜ್ಜ ಮಾತ್ರ ಚೀಟಿಗಳನ್ನೆಲ್ಲ ತಿರುಗಿಸಿ ನೋಡಿ, "ಎಲ್ಲಾ ಬರ್ದೀರಿ, ಅಂಗಡಿ ಯಾವುದು ಅಂತ ಬರ್ದೇ ಇಲ್ವಲ್ಲ?" ಅಂದ. ಮುಂದಿನ ಹಳ್ಳಿಯಿಂದ ಚೀಟಿಯಲ್ಲಿ ಅಂಗಡಿಯೂ ಸೇರಿತು.

ಕರ್ನಾಟಕದಲ್ಲಿ ಸಹಕಾರ ಸಂಘಗಳಿಂದ ಶೂನ್ಯ ಬಡ್ಡಿಯ ಬೆಳೆ ಸಾಲ ಇದೆ, 2023-24ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಹಾಗಿದ್ದರೂ ಎರಡು ರೂಪಾಯಿ ಬಡ್ಡಿಯ ಉದ್ರಿ ಯಾಕೆ ಅಂತ ಬೆಂಗಳೂರಿನ ಸಹಪಾಠಿಗಳು ಕೇಳಿದರು. ಹಳ್ಳಿಯಲ್ಲಿ ಕೇಳಿದರೆ ಉತ್ತರ ಸರಳ. ಸಂಘದ ಸಾಲ ಎಷ್ಟೋ ಸಲ ಕಾಗದದ ಮೇಲೆ ನವೀಕರಣ ಆಗುತ್ತದೆ, ಮಳೆ ಬಿದ್ದ ಮರುದಿನ ಕೈಯಲ್ಲಿ ಕಾಸು ಇರುವುದಿಲ್ಲ. ಅಂಗಡಿಯವರು ಅವತ್ತೇ ಚೀಲ ಕೊಡುತ್ತಾರೆ, ಆಸ್ಪತ್ರೆಗೂ ಒಂದಿಷ್ಟು ಕೊಡುತ್ತಾರೆ.

ಇನ್ನೊಂದು ಲೆಕ್ಕವನ್ನೂ ಪ್ರಾಜೆಕ್ಟಿಗೆ ಸೇರಿಸಿದೆ. ಒಬ್ಬ ರೈತರಿಂದ ವರ್ಷಕ್ಕೆ 400 ರೂಪಾಯಿ ಲಾಭ, ಮರುವರ್ಷ ಮತ್ತೆ ನಮ್ಮ ಬೀಜವನ್ನೇ ಕೊಳ್ಳುವ ಸಾಧ್ಯತೆ ಶೇ. 60, ಹಣದ ಬೆಲೆ, ಅಂದರೆ ಬಡ್ಡಿ, ವರ್ಷಕ್ಕೆ ಶೇ. 12 ಅಂತಿರಲಿ. 400ನ್ನು 0.6ರಿಂದ ಗುಣಿಸಿ, 1.12ರಲ್ಲಿ 0.6 ಕಳೆದು ಉಳಿದದ್ದರಿಂದ ಭಾಗಿಸಿದರೆ ಸುಮಾರು 462. ಮುಂದಿನ ವರ್ಷಗಳೆಲ್ಲ ಸೇರಿ ಆ ರೈತರಿಂದ ಬರುವುದರ ಇವತ್ತಿನ ಬೆಲೆ ಅದು. ಮತ್ತೆ ಕೊಳ್ಳುವ ಸಾಧ್ಯತೆ ಶೇ. 80 ಆದರೆ ಅದೇ ಲೆಕ್ಕದಲ್ಲಿ 1,000. ಎರಡು ಪಟ್ಟಿಗಿಂತ ಜಾಸ್ತಿ. ಹೊಸ ಗಿರಾಕಿಗೆ ಬಂಗಾರದ ನಾಣ್ಯದ ಸ್ಕೀಮ್ ಕೊಡುವ ಕಂಪನಿಗಳು ಹಳೇ ಗಿರಾಕಿಗೆ ಒಂದು ಫೋನ್ ಸಹ ಮಾಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಈ ಸೂತ್ರಕ್ಕೆ ಅರ್ಥ ಇಲ್ಲ, ಅದನ್ನೂ ವರದಿಯಲ್ಲಿ ಬರೆದೆ.

ಕೊನೆಯ ಮಂಡನೆಯಲ್ಲಿ ಪ್ರಾಧ್ಯಾಪಕರು ಸ್ಲೈಡ್‌ಗಳನ್ನೆಲ್ಲ ನೋಡಿ ಕೇಳಿದ್ದು ಒಂದೇ: "ಯಾವ ರೈತರನ್ನು ಬಿಡುತ್ತೀರಿ?" ಬೋರ್‌ವೆಲ್ ಇರುವ, ನಗದು ಕೊಡುವ ರೈತರನ್ನು ಅಂದೆ. ಅಲ್ಲಿ ದೊಡ್ಡ ವಿದೇಶಿ ಕಂಪನಿಗಳ ತಳಿ ಗಟ್ಟಿ, ನಮ್ಮ ದುಡ್ಡು ಅಲ್ಲಿ ಕರಗುತ್ತದೆ. ಕ್ಲಾಸಿನಲ್ಲಿ ಇದಕ್ಕೆ ಒಳ್ಳೇ ಅಂಕ ಬಂತು. ಕಂಪನಿಯಲ್ಲಿ ಇದೇ ಸ್ಲೈಡ್‌ಗೆ ಜಗಳ ಆಯಿತು. ನಗದು ಕೊಡುವವರನ್ನು ಬಿಟ್ಟು ಸಾಲ ಕೇಳುವವರ ಹಿಂದೆ ಹೋಗುತ್ತಾರಾ ಅಂತ ಹಣಕಾಸಿನವರು. ಅವರ ಮಾತಿನಲ್ಲೂ ನ್ಯಾಯ ಇದೆ.

ಕೊನೆಗೆ ಒಪ್ಪಿಕೊಂಡದ್ದು ಜಗಳೂರು ತಾಲ್ಲೂಕಿಗೆ ಮಾತ್ರ. ಅಲ್ಲಿ ಬೇಗ ಬರುವ ಒಂದೇ ತಳಿ. ಸೀಸನ್ ಕೊನೆಯ ಬೆಲೆ ಕಡಿತ ಇಲ್ಲ. ಆ ಹಣದಲ್ಲಿ ಡೀಲರ್‌ಗೆ ದುಡ್ಡು ಕಟ್ಟಲು ಎರಡು ತಿಂಗಳು ಜಾಸ್ತಿ ಅವಧಿ, ಬದಲಿಗೆ ಅವರು ಆ ತಳಿಗೆ ರೈತರಿಂದ ಎರಡು ತಿಂಗಳ ಬಡ್ಡಿ ಹಾಕುವಂತಿಲ್ಲ, ಅದನ್ನು ರಸೀದಿಯಲ್ಲೇ ಬರೆಯಬೇಕು. ಸಣ್ಣ ಡೀಲರ್‌ಗಳು ಒಪ್ಪಿದರು. ದೊಡ್ಡವರೊಬ್ಬರು ನನ್ನ ಬಡ್ಡಿ ವಿಚಾರಕ್ಕೆ ನೀವ್ಯಾಕೆ ಬರ್ತೀರಿ ಅಂತ ಬೇರೆ ಕಂಪನಿಯ ಮಾಲು ಇಳಿಸಿಕೊಂಡರು. ಆಗಸ್ಟ್‌ನಲ್ಲಿ ವಾಪಸ್ ಬಂದ ಚೀಲ ಹಿಂದಿನ ಸಲಕ್ಕಿಂತ ಕಡಿಮೆ. ಮಳೆಯೂ ಹೊತ್ತಿಗೆ ಸರಿಯಾಗಿ ಬಿದ್ದಿತ್ತು, ಹಾಗಾಗಿ ಎಲ್ಲವೂ ನಮ್ಮ ಪ್ಲಾನಿನ ಕೆಲಸ ಅಂತ ನಾನು ಹೇಳುತ್ತಿಲ್ಲ. ನಿಜವಾದ ಪರೀಕ್ಷೆ ವಸೂಲಿ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಹೋದರೆ ರೈತರು ಕಾಳು ಹಿಡಿದಿಟ್ಟುಕೊಳ್ಳುತ್ತಾರೆ, ಅಂಗಡಿಯ ಖಾತೆ ತೀರುವುದು ತಡವಾಗುತ್ತದೆ, ನಮ್ಮ ಹಣವೂ ಅಲ್ಲೇ ನಿಲ್ಲುತ್ತದೆ.

ಮುಂದಿನ ಮುಂಗಾರಿಗೆ ಹೊನ್ನಾಳಿಗೂ ಇದನ್ನೇ ಒಯ್ಯಬೇಕು, ಆದರೆ ಅಲ್ಲಿ ಹಸಿರು ದಂಟಿನ ತಳಿಯೊಂದಿಗೆ ಅನ್ನುವುದು ನನ್ನ ವಾದ. ಹಣಕಾಸಿನವರು ಮೊದಲು ಜಗಳೂರಿನ ಡೀಲರ್‌ವಾರು ಬಾಕಿ ಪಟ್ಟಿ ಕಳಿಸಿ ಅಂದಿದ್ದಾರೆ. ಸೋಮವಾರದೊಳಗೆ ಕೊಡಬೇಕು.